ಮೂರನೇ ಕವಚದಲ್ಲಿ ಹತ್ತು ಜಾಗ ಖಾಲಿ ಇರುವಾಗ ಪೊಟ್ಯಾಸಿಯಂನ 19ನೇ ಎಲೆಕ್ಟ್ರಾನ್ ನಾಲ್ಕಕ್ಕೆ ಯಾಕೆ ಹೋಗುತ್ತೆ?

ಸೀಮೆಸುಣ್ಣ
ಪ್ರೌಢಶಾಲೆಯ ರಸಾಯನದಲ್ಲಿ ಪ್ರತಿ ವರ್ಷ ಎದ್ದು ನಿಲ್ಲುವ ಪ್ರಶ್ನೆ ಇದು. ಮೊದಲು ಹೇಳಿಕೊಡೋದು: ಒಂದು ಕವಚದಲ್ಲಿ ಹೆಚ್ಚೆಂದರೆ 2ಎನ್² ಎಲೆಕ್ಟ್ರಾನ್ ಹಿಡಿಸುತ್ತೆ (ಎನ್ ಅಂದ್ರೆ ಕವಚದ ಸಂಖ್ಯೆ). ಒಂದನೇದಕ್ಕೆ 2, ಎರಡಕ್ಕೆ 8, ಮೂರಕ್ಕೆ 18, ನಾಲ್ಕಕ್ಕೆ 32. ಅದೇ ಪಾಠದಲ್ಲಿ ಸ್ವಲ್ಪ ಮುಂದೆ ಹೋದರೆ ಪೊಟ್ಯಾಸಿಯಂ 2, 8, 8, 1 ಮತ್ತು ಕ್ಯಾಲ್ಸಿಯಂ 2, 8, 8, 2. ಮೂರನೇದರಲ್ಲಿ ಇನ್ನೂ ಹತ್ತು ಜಾಗ ಇದ್ದ ಹಾಗೇ ನಾಲ್ಕನೇ ಕವಚ ಶುರುವಾಗಿಬಿಡುತ್ತೆ. "2, 8, 9 ಯಾಕಲ್ಲ?" ಅಂತ ಮಕ್ಕಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆ.

ಸಾಮಾನ್ಯವಾಗಿ ಕೊಡೋ ಉತ್ತರ "ಕೊನೆಯ ಕವಚದಲ್ಲಿ ಎಂಟಕ್ಕಿಂತ ಹೆಚ್ಚು ಇರಬಾರದು". ಇದು ನಿಯಮವನ್ನೇ ಇನ್ನೊಂದು ಸಲ ಓದಿದ ಹಾಗೆ, ಕಾರಣ ಹೇಳಿದ ಹಾಗಾಗಲ್ಲ. ಆಮೇಲೆ ಸ್ಕ್ಯಾಂಡಿಯಂ 2, 8, 9, 2 ಅಂತ ಬರುತ್ತೆ, ಮಕ್ಕಳು ತಬ್ಬಿಬ್ಬು: ಆಗ ಬೇಡ ಅಂದ ಒಂಬತ್ತು ಈಗ ಹೇಗೆ ಬಂತು? ಕ್ವಾಂಟಂ ಸಂಖ್ಯೆಗಳನ್ನೆಲ್ಲ ಬಿಚ್ಚದೆ, ಸುಳ್ಳೂ ಹೇಳದೆ ವಿವರಿಸೋ ದಾರಿ ಇದೆಯಾ?

ಮೋಲ್_ಲೆಕ್ಕ
ಆ ವಯಸ್ಸಿಗೆ ಅಷ್ಟಕ ನಿಯಮ (ಕೊನೆಯ ಕವಚಕ್ಕೆ ಎಂಟು) ಸಾಕು. ಉಳಿದದ್ದು ಮುಂದಿನ ತರಗತಿಗೆ ಬಿಡಿ.

ಕಕ್ಷಕ
ಮುಂದಕ್ಕೆ ಬಿಟ್ಟರೆ ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತುಬಿಡುತ್ತೆ, ಆಮೇಲೆ ಕೀಳೋದು ಕಷ್ಟ. ಹೇಳಬೇಕಾದ್ದು ಒಂದೇ ಮಾತು: 18 ಅನ್ನೋದು ಮೂರನೇ ಕವಚದ *ಸಾಮರ್ಥ್ಯ*. ಅದು ತುಂಬುವ *ಸರದಿ* ಅಲ್ಲ. ಎಷ್ಟು ಹಿಡಿಸುತ್ತೆ ಅನ್ನೋದೇ ಬೇರೆ ಪ್ರಶ್ನೆ, ಯಾವ ಜಾಗದಲ್ಲಿ ಶಕ್ತಿ ಕಡಿಮೆ ಅನ್ನೋದೇ ಬೇರೆ ಪ್ರಶ್ನೆ. ಎಲೆಕ್ಟ್ರಾನ್ ನೋಡೋದು ಎರಡನೆಯದನ್ನು.

ಮೂರನೇ ಕವಚದ 18 ಜಾಗಗಳೂ ಒಂದೇ ಮಟ್ಟದಲ್ಲಿಲ್ಲ. ಕವಚದೊಳಗೆ ಎಸ್, ಪಿ, ಡಿ ಅನ್ನೋ ಉಪಕವಚಗಳಿವೆ, ಮುಂದಿನ ಅಂಕಿ ಕವಚದ್ದು. 3ಎಸ್‌ನಲ್ಲಿ 2, 3ಪಿಯಲ್ಲಿ 6, 3ಡಿಯಲ್ಲಿ 10. ಆರ್ಗಾನ್‌ಗೆ ಬರೋ ಹೊತ್ತಿಗೆ ಮೊದಲ ಎಂಟು ಮುಗೀತು. ಉಳಿದ ಹತ್ತು 3ಡಿಯವು, ಅವು ಶಕ್ತಿಯಲ್ಲಿ ಮೇಲಿವೆ. ಎಷ್ಟು ಮೇಲೆ? ಪೊಟ್ಯಾಸಿಯಂ ಪರಮಾಣುವಿನಲ್ಲಿ 19ನೇ ಎಲೆಕ್ಟ್ರಾನ್ 4ಎಸ್‌ನಲ್ಲಿದ್ದರೆ ಅದನ್ನು ಪೂರ್ತಿ ಹೊರಗೆ ಎಳೆಯೋಕೆ 4.34 ಎಲೆಕ್ಟ್ರಾನ್‌ವೋಲ್ಟ್ (ಶಕ್ತಿಯ ಒಂದು ಅಳತೆ) ಬೇಕು. ಅದನ್ನೇ 3ಡಿಗೆ ಏರಿಸಿ ಅಲ್ಲಿಂದ ಎಳೆದರೆ 1.67 ಸಾಕು. ಅಂದರೆ 3ಡಿ ಸುಮಾರು 2.67 ಎಲೆಕ್ಟ್ರಾನ್‌ವೋಲ್ಟ್ ಮೇಲೆ ಕೂತಿದೆ.

ಈಗ ಇದನ್ನು ಜಲಜನಕದ ಜೊತೆ ಹೋಲಿಸಿ ನೋಡಿ, ಕಾರಣ ಅಲ್ಲೇ ಕಾಣುತ್ತೆ. ಜಲಜನಕದ ಮೂರನೇ ಮಟ್ಟದಿಂದ ಎಲೆಕ್ಟ್ರಾನ್ ಬಿಡಿಸೋಕೆ 1.51 ಎಲೆಕ್ಟ್ರಾನ್‌ವೋಲ್ಟ್ ಬೇಕು. ಪೊಟ್ಯಾಸಿಯಂನ 3ಡಿಗೆ 1.67, ಹೆಚ್ಚುಕಮ್ಮಿ ಅಷ್ಟೇ! ಅಂದರೆ 3ಡಿಯಲ್ಲಿರುವ ಎಲೆಕ್ಟ್ರಾನ್‌ಗೆ 19 ಪ್ರೋಟಾನ್‌ಗಳಲ್ಲಿ ಒಂದರ ಸೆಳೆತ ಮಾತ್ರ ಗೊತ್ತಾಗುತ್ತೆ, ಉಳಿದ 18ನ್ನು ಒಳಗಿನ 18 ಎಲೆಕ್ಟ್ರಾನ್‌ಗಳು ಮರೆ ಮಾಡಿಬಿಟ್ಟಿವೆ. ಅದೇ 4ಎಸ್ ನೋಡಿ. ಜಲಜನಕದ ನಾಲ್ಕನೇ ಮಟ್ಟಕ್ಕೆ 0.85 ಸಾಕು, ಪೊಟ್ಯಾಸಿಯಂನ 4ಎಸ್‌ಗೆ 4.34, ಐದು ಪಟ್ಟು. ಯಾಕೆಂದರೆ ಎಸ್ ಎಲೆಕ್ಟ್ರಾನ್ ಬಹುಪಾಲು ಹೊರಗಿದ್ದರೂ ಅದರ ಇರವಿನ ಒಂದು ಚಿಕ್ಕ ಪಾಲು ಮರೆಯನ್ನು ದಾಟಿ ನ್ಯೂಕ್ಲಿಯಸ್‌ನ ಪಕ್ಕಕ್ಕೇ ಹೋಗುತ್ತೆ. ಅಲ್ಲಿ 19 ಪ್ರೋಟಾನ್‌ಗಳ ಪೂರ್ತಿ ಸೆಳೆತ ಸಿಗುತ್ತೆ. ಆ ಚಿಕ್ಕ ಪಾಲೇ ಸಾಕು, 4ಎಸ್ ಕೆಳಗಿಳಿಯುತ್ತೆ.

ಸೀಮೆಸುಣ್ಣ
1.51 ಮತ್ತು 1.67 ಹೋಲಿಕೆ ಬಹಳ ಚೆನ್ನಾಗಿದೆ. ಮರೆ ಮಾಡೋದು ಅಂದ್ರೆ ಏನು ಅಂತ ಅಂಕಿಯಲ್ಲೇ ತೋರಿಸಬಹುದು.

ಮೋಲ್_ಲೆಕ್ಕ
ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಅಯಾನೀಕರಣ ಶಕ್ತಿಯ ಪಟ್ಟಿ ಕೊಟ್ಟರೆ ಅವರೇ ಕಂಡುಕೊಳ್ತಾರೆ. ಕ್ಯಾಲ್ಸಿಯಂ: ಮೊದಲನೇ ಎಲೆಕ್ಟ್ರಾನ್ ತೆಗೆಯೋಕೆ ಮೋಲ್‌ಗೆ 590 ಕಿಲೋಜೌಲ್, ಎರಡನೆಯದಕ್ಕೆ 1145, ಮೂರನೆಯದಕ್ಕೆ 4912. ಎರಡಾದ ಮೇಲೆ ಒಮ್ಮೆಲೇ ಜಿಗಿತ. ಪೊಟ್ಯಾಸಿಯಂಗೆ 419, ಆಮೇಲೆ 3052. ಒಂದಾದ ಮೇಲೇ ಜಿಗಿತ. ಹೊರಗಿನ ಕವಚದಲ್ಲಿ ಒಂದೇ ಇದೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ರೋಹಿತರೇಖೆ
ಬೇಕು. ಆ ಜಿಗಿತ ಸಾಬೀತು ಮಾಡೋದು ಒಳಗಿನ 18 ಬಿಗಿಯಾಗಿವೆ, 19ನೆಯದು ಸಡಿಲವಾಗಿದೆ ಅನ್ನೋದನ್ನು ಮಾತ್ರ. ಆ ಸಡಿಲ ಎಲೆಕ್ಟ್ರಾನ್ 3ಡಿಯಲ್ಲಿದ್ದಿದ್ದರೂ ಜಿಗಿತ ಹೀಗೇ ಇರುತ್ತಿತ್ತು. "2, 8, 9 ಯಾಕಲ್ಲ" ಅನ್ನೋ ಪ್ರಶ್ನೆಗೆ ಅದು ಉತ್ತರ ಅಲ್ಲ.

ನಿಜವಾದ ಪುರಾವೆ ರೋಹಿತದಲ್ಲಿದೆ, ಅಂದರೆ ಧಾತು ಹೀರುವ ಅಥವಾ ಸೂಸುವ ಬೆಳಕಿನ ಗೆರೆಗಳಲ್ಲಿ. ತಣ್ಣನೆಯ ಸೋಡಿಯಂ ಆವಿ ಹೀರಿಕೊಳ್ಳೋದು 589.0 ಮತ್ತು 589.6 ನ್ಯಾನೋಮೀಟರಿನ ಜೋಡಿ ಗೆರೆ. ಪೊಟ್ಯಾಸಿಯಂ ಆವಿಯಲ್ಲೂ ಅದೇ ನಮೂನೆಯ ಜೋಡಿ, 766.5 ಮತ್ತು 769.9ರಲ್ಲಿ. ಎಸ್‌ನಿಂದ ಪಿಗೆ ಹಾರುವಾಗ ಬರುವ ಗುರುತು ಇದು. ಅಂದರೆ ಎಲೆಕ್ಟ್ರಾನ್ ಹೊರಟ ಜಾಗ ಎಸ್, ಡಿ ಅಲ್ಲ.

ರೋಹಿತ ಬೇಡ ಅನ್ನೋವ್ರಿಗೆ ಸಾಂದ್ರತೆ ಇದೆ. ಸೋಡಿಯಂ ಘನ ಸೆಂಟಿಮೀಟರಿಗೆ 0.97 ಗ್ರಾಂ, ಪೊಟ್ಯಾಸಿಯಂ 0.86. ಪರಮಾಣು 23ರಿಂದ 39ಕ್ಕೆ ಭಾರವಾಯ್ತು, ಲೋಹ ಮಾತ್ರ ಹಗುರ! ಲೋಹದಲ್ಲಿ ಪರಮಾಣುವಿನ ತ್ರಿಜ್ಯ 186 ಪೈಕೋಮೀಟರಿನಿಂದ 227ಕ್ಕೆ ಏರಿದ್ದು ಇದಕ್ಕೆ ಕಾರಣ. ಇದು ರೋಹಿತದಷ್ಟು ಖಚಿತ ಸಾಕ್ಷಿ ಅಲ್ಲ, ಆದರೆ ಹೊಸ ಹೊರಕವಚ ಶುರುವಾಗಿದೆ ಅನ್ನೋದಕ್ಕೆ ಕೈಗೆ ಸಿಗೋ ಸೂಚನೆ.

ಮೋಲ್_ಲೆಕ್ಕ
ಒಪ್ಪಿದೆ. ಜಿಗಿತದಿಂದ ವೇಲೆನ್ಸಿ ಸಿಗುತ್ತೆ, ಕವಚದ ಸಂಖ್ಯೆ ಸಿಗಲ್ಲ.

ಪ್ರಶ್ನೆಚಿಹ್ನೆ
766 ಅಂದ್ರೆ ಕಡುಗೆಂಪು. ಆದರೆ ಜ್ವಾಲೆ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ನಸುನೇರಳೆ ಅಂತ ಬರೀತೀವಲ್ಲ? ಅದೂ ಅಲ್ಲದೆ ಪ್ರಯೋಗ ಮಾಡಿದರೆ ಎಲ್ಲರಿಗೂ ಕಾಣೋದು ಹಳದಿ!

ನೀಲಿಜ್ವಾಲೆ
766 ಕಣ್ಣಿಗೆ ಕಾಣುವ ಅಂಚಿನಲ್ಲಿದೆ, ಮಸುಕಾಗಿ ಕಾಣುತ್ತೆ. ಪೊಟ್ಯಾಸಿಯಂಗೆ 404 ನ್ಯಾನೋಮೀಟರಿನ ಹತ್ತಿರ ನೇರಳೆ ಗೆರೆಗಳೂ ಇವೆ. ಎರಡೂ ಸೇರಿ ನಸುನೇರಳೆ.

ಹಳದಿ ಬರೋದು ಸೋಡಿಯಂ ಕಶ್ಮಲದಿಂದ. 589 ನಮ್ಮ ಕಣ್ಣಿಗೆ ಬಹಳ ಚುರುಕಾಗಿ ತಾಗೋ ಬಣ್ಣ, ಅತ್ಯಲ್ಪ ಸೋಡಿಯಂ ಇದ್ದರೂ ನೇರಳೆಯನ್ನು ನುಂಗಿಹಾಕುತ್ತೆ. ಬೆರಳಿನ ಬೆವರು ಸಾಕು. ಸರಿಯಾಗಿ ಮಾಡೋ ಕ್ರಮ ಹೇಳ್ತೀನಿ.

ನೈಕ್ರೋಮ್ ತಂತಿಯ ತುದಿಯನ್ನು 3 ಮಿಲಿಮೀಟರಿನಷ್ಟು ಕುಣಿಕೆ ಮಾಡಿ. ಗಾಜಿನ ಬಟ್ಟಲಿಗೆ 5 ಮಿಲಿಲೀಟರ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಳ್ಳಿ. ತಂತಿಯನ್ನು ಆಮ್ಲದ ಬಾಟಲಿಗೇ ಅದ್ದಬೇಡಿ, ಬಾಟಲಿ ಪೂರ್ತಿ ಸೋಡಿಯಂ ಬೆರೆತು ಕೆಡುತ್ತೆ. ಕನ್ನಡಕ ಕಡ್ಡಾಯ. ಅದ್ದಿ, ಬರ್ನರಿನ ನೀಲಿ ಜ್ವಾಲೆಯಲ್ಲಿ ಕಾಯಿಸಿ. ಮತ್ತೆ ಅದ್ದಿ, ಮತ್ತೆ ಕಾಯಿಸಿ. ಜ್ವಾಲೆಗೆ ಯಾವ ಬಣ್ಣವೂ ಬರದ ತನಕ. ನಾಲ್ಕೈದು ಸಲ ಆಗುತ್ತೆ, ಒಂದು ಸಲಕ್ಕೇ ನಿಲ್ಲಿಸೋದೇ ಸಾಮಾನ್ಯ ತಪ್ಪು. ಆಮೇಲೆ ಆಮ್ಲದಲ್ಲಿ ಒದ್ದೆ ಮಾಡಿದ ತುದಿಗೆ ಪೊಟ್ಯಾಸಿಯಂ ಕ್ಲೋರೈಡಿನ ಎರಡು ಮೂರು ಹರಳು ಅಂಟಿಸಿ, ಜ್ವಾಲೆಯ ಹೊರ ಅಂಚಿನಲ್ಲಿ ಹಿಡಿಯಿರಿ. ನೋಡೋದು ಕೋಬಾಲ್ಟ್ ನೀಲಿ ಗಾಜಿನ ಮೂಲಕ. ಆ ಗಾಜು ಹಳದಿಯನ್ನು ಹೀರಿಬಿಡುತ್ತೆ, ಪೊಟ್ಯಾಸಿಯಂ ಕೆನ್ನೇರಳೆಯಾಗಿ ಕಾಣುತ್ತೆ.

ಕ್ಲೋರೈಡೇ ಯಾಕೆ ಅಂದ್ರೆ ಅದು ಸುಲಭವಾಗಿ ಆವಿಯಾಗುತ್ತೆ. ಬೇರೆ ಲವಣಗಳಿಗೂ ಆಮ್ಲ ಹಚ್ಚೋ ಉದ್ದೇಶ ಅದೇ.

ನೀಲಿಜ್ವಾಲೆ
ಒಂದು ಸೇರಿಸಬೇಕು. ಬಟ್ಟಲಲ್ಲಿ ಮೆಥನಾಲ್ ಸುರಿದು ಲವಣ ಹಾಕಿ ಹಚ್ಚಿ ತೋರಿಸೋ ಪದ್ಧತಿ ಇದೆ. ದಯವಿಟ್ಟು ಮಾಡಬೇಡಿ. ಉರಿ ಆರಿದೆ ಅಂದುಕೊಂಡು ಇನ್ನಷ್ಟು ಸುರಿದಾಗ ಬೆಂಕಿ ಧಾರೆಯ ಮೂಲಕ ಬಾಟಲಿಗೆ ಹತ್ತುತ್ತೆ, ಎದುರು ಕೂತ ಮಕ್ಕಳ ಮೇಲೆ ಚಿಮ್ಮುತ್ತೆ. ಮೆಥನಾಲ್ ಜ್ವಾಲೆ ಬೆಳಕಿನಲ್ಲಿ ಕಾಣೋದೇ ಇಲ್ಲ. ತಂತಿ ಇಲ್ಲದಿದ್ದರೆ ಮರದ ಕಡ್ಡಿಗಳನ್ನು ಲವಣದ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ ಬಳಸಿ. ನೀರು ಮಾತ್ರ ಭಟ್ಟಿ ಇಳಿಸಿದ್ದೇ ಆಗಿರಲಿ.

ಏಳನೇ_ಆವರ್ತ
ಪೊಟ್ಯಾಸಿಯಂ ಮಾತು ಬಂದಿದ್ದಕ್ಕೆ ಇನ್ನೊಂದು ಕೊಂಡಿ. ಪರಮಾಣು ರಾಶಿ ನೋಡಿದರೆ ಆರ್ಗಾನ್ 39.95, ಪೊಟ್ಯಾಸಿಯಂ 39.10. ರಾಶಿಯ ಪ್ರಕಾರ ಜೋಡಿಸಿದರೆ ಪೊಟ್ಯಾಸಿಯಂ ರಾಜಾನಿಲಗಳ ಸಾಲಿಗೆ, ಆರ್ಗಾನ್ ಸೋಡಿಯಂ ಕೆಳಗೆ ಬರಬೇಕು. ಮೆಂಡಲೀವ್ 1869ರಲ್ಲಿ ಕೋಷ್ಟಕ ಮಾಡಿದಾಗ ಈ ತೊಂದರೆ ಇರಲಿಲ್ಲ, ಆರ್ಗಾನ್ ಸಿಕ್ಕಿದ್ದೇ 1894ರಲ್ಲಿ. ಆದರೆ ಟೆಲ್ಲೂರಿಯಂ (127.60), ಅಯೋಡಿನ್ (126.90) ಜೋಡಿಯಲ್ಲಿ ಅವರು ರಾಶಿಯನ್ನು ಬದಿಗಿಟ್ಟು ಗುಣಗಳನ್ನೇ ನಂಬಿದರು. 1913ರಲ್ಲಿ ಮೋಸ್ಲಿ ಎಕ್ಸ್-ಕಿರಣದ ಆವೃತ್ತಿಗಳನ್ನು ಅಳೆದು, ಆವೃತ್ತಿಯ ವರ್ಗಮೂಲ ಸರಳರೇಖೆಯಲ್ಲಿ ಏರೋದು ರಾಶಿಯ ಜೊತೆ ಅಲ್ಲ, ಪರಮಾಣು ಸಂಖ್ಯೆಯ (ಪ್ರೋಟಾನ್‌ಗಳ ಲೆಕ್ಕ) ಜೊತೆ ಅಂತ ತೋರಿಸಿದ ಮೇಲೆ ಈ ಗೊಂದಲ ಬಗೆಹರಿಯಿತು.

ಪ್ರಶ್ನೆಚಿಹ್ನೆ
ಪ್ರೋಟಾನ್ ಒಂದು ಕಡಿಮೆ ಇದ್ದೂ ಆರ್ಗಾನ್ ಭಾರ ಯಾಕೆ?

ಏಳನೇ_ಆವರ್ತ
ಇದಕ್ಕೆ ಕಾರಣ ಪೊಟ್ಯಾಸಿಯಮ್ಮೇ! ಭೂಮಿಯ ಆರ್ಗಾನ್‌ನಲ್ಲಿ 99.6 ಶೇಕಡಾ ಆರ್ಗಾನ್-40 (40 ಅಂದ್ರೆ ಪ್ರೋಟಾನ್, ನ್ಯೂಟ್ರಾನ್ ಸೇರಿದ ಲೆಕ್ಕ). ಅದು ಹುಟ್ಟಿದ್ದು ಬಂಡೆಗಳೊಳಗಿನ ಪೊಟ್ಯಾಸಿಯಂ-40 ವಿಕಿರಣದಿಂದ ಕ್ಷಯಿಸಿ. ಅರ್ಧಾಯು 125 ಕೋಟಿ ವರ್ಷ. ಕ್ಷಯಿಸುವ ಪೊಟ್ಯಾಸಿಯಂ-40ರಲ್ಲಿ ಸುಮಾರು 11 ಶೇಕಡಾ ಆರ್ಗಾನ್ ಆಗುತ್ತೆ, ಉಳಿದದ್ದು ಕ್ಯಾಲ್ಸಿಯಂ-40. ಉಳಿದಿರೋ ಪೊಟ್ಯಾಸಿಯಂನಲ್ಲಿ 93 ಶೇಕಡಾ ಹಗುರವಾದ ಪೊಟ್ಯಾಸಿಯಂ-39. ಅದಕ್ಕೇ ಸರಾಸರಿ ತಿರುಗುಮುರುಗಾಗಿದೆ. ನಕ್ಷತ್ರಗಳಲ್ಲಿ ಹೆಚ್ಚಿರೋದು ಆರ್ಗಾನ್-36, ಅಲ್ಲಿನ ಲೆಕ್ಕದಲ್ಲಿ ಆರ್ಗಾನ್ ಹಗುರ.

ಮೋಲ್_ಲೆಕ್ಕ
ಈ ಸರಾಸರಿ ಅನ್ನೋ ಪದ ಒತ್ತಿ ಹೇಳಬೇಕು. ಕ್ಲೋರಿನ್ 35.5 ಅಂದ ಕೂಡಲೇ "ಅರ್ಧ ನ್ಯೂಟ್ರಾನಾ?" ಅಂತ ಕೇಳ್ತಾರೆ. ಕ್ಲೋರಿನ್-35ರ ರಾಶಿ 34.969, ಪಾಲು 75.76 ಶೇಕಡಾ, ಕ್ಲೋರಿನ್-37ರದು 36.966, ಪಾಲು 24.24. ಗುಣಿಸಿ ಕೂಡಿದರೆ 26.49 + 8.96 = 35.45. ಮಕ್ಕಳು ಮಾಡೋ ತಪ್ಪು ಅಂದ್ರೆ 35 ಮತ್ತು 37 ಕೂಡಿ ಎರಡರಿಂದ ಭಾಗಿಸಿ 36 ಬರೆಯೋದು. 35.5 ತೂಗುವ ಕ್ಲೋರಿನ್ ಪರಮಾಣು ಒಂದೂ ಇಲ್ಲ.

ಪದಕೋಶ
ಪದದ ವಿಷಯ ಬಂತಲ್ಲ, ಮೇಲೆಲ್ಲ ಎಲ್ಲರೂ "ಪರಮಾಣು" ಅಂತಲೇ ಬರೆದಿದ್ದೀರಿ, ಸಮಾಧಾನ. ಪಾಠದಲ್ಲಿ ಅಣು ಬೇರೆ, ಪರಮಾಣು ಬೇರೆ. ಪತ್ರಿಕೆಯಲ್ಲಿ ಮಾತ್ರ ಅಣುಬಾಂಬು, ಅಣುಶಕ್ತಿ, ಅಣುಸ್ಥಾವರ. ಮಕ್ಕಳು ನೀರಿನ ಅಣು ಒಡೆದರೆ ಸ್ಫೋಟ ಆಗುತ್ತೆ ಅಂತ ತಿಳಿದರೆ ತಪ್ಪು ಅವರದಲ್ಲ. ಅಲ್ಲಿ ಒಡೆಯೋದು ಪರಮಾಣುವಿನ ನ್ಯೂಕ್ಲಿಯಸ್, ಅಣುವಿಗೆ ಅದರಲ್ಲಿ ಪಾತ್ರವೇ ಇಲ್ಲ.

"ಆಮ್ಲಜನಕ" ಕೂಡ ಹಾಗೇ, ಆಮ್ಲ ಹುಟ್ಟಿಸುವುದು ಅಂತ. ಎಲ್ಲ ಆಮ್ಲದಲ್ಲೂ ಅದು ಇರಲೇಬೇಕು ಅಂತ ಲವಾಸಿಯೆ ನಂಬಿದ್ದರಿಂದ ಆ ಹೆಸರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲ ಅಂತ 1810ರಲ್ಲಿ ಡೇವಿ ವಾದಿಸಿ ಗೆದ್ದರು, ಹೆಸರು ಮಾತ್ರ ಉಳಿಯಿತು, ನಮ್ಮ ಭಾಷೆಗೂ ಬಂತು.

ಕಕ್ಷಕ
ಒಪ್ಪುತ್ತೀನಿ, ಆದರೆ ಮೂಲ ಪ್ರಶ್ನೆಗೆ ಬರೋಣ. ಸ್ಕ್ಯಾಂಡಿಯಂನ ಒಂಬತ್ತು ಬಾಕಿ ಇದೆ.

ಮಣಿಬಟ್ಟಲು
ತರಗತಿಗೆ ಒಂದು ಸಲಕರಣೆ. ಏಳು ಸಣ್ಣ ಬಟ್ಟಲು, 30 ಮಣಿ. ಬಟ್ಟಲಿನ ಬಣ್ಣ ಕವಚವನ್ನು ಹೇಳುತ್ತೆ: ಒಂದನೇ ಕವಚ ಕೆಂಪು, ಎರಡು ಹಸಿರು, ಮೂರು ನೀಲಿ, ನಾಲ್ಕು ಬಿಳಿ. ಸಾಲಾಗಿ ಜೋಡಿಸಿ: ಕೆಂಪು 2, ಹಸಿರು 2, ಹಸಿರು 6, ನೀಲಿ 2, ನೀಲಿ 6, ಬಿಳಿ 2, ನೀಲಿ 10. ಒಟ್ಟು ಸರಿಯಾಗಿ 30, ಅಂದರೆ ಸತುವಿನ ತನಕ.

ಹಾಕುವಾಗ ಸಾಲಿನ ಪ್ರಕಾರ ಹಾಕಬೇಕು, ಎಣಿಸುವಾಗ ಬಣ್ಣದ ಪ್ರಕಾರ ಎಣಿಸಬೇಕು. ಕಬ್ಬಿಣಕ್ಕೆ 26 ಮಣಿ: 2, 2, 6, 2, 6, 2, ಕೊನೆಯ ಬಟ್ಟಲಲ್ಲಿ 6. ಬಣ್ಣ ಎಣಿಸಿ: ಕೆಂಪು 2, ಹಸಿರು 8, ನೀಲಿ 2+6+6=14, ಬಿಳಿ 2. ಉತ್ತರ 2, 8, 14, 2. ಮೂರನೇ ಕವಚ ಎರಡು ಕಂತಿನಲ್ಲಿ ತುಂಬುತ್ತೆ, ನಡುವೆ ಬಿಳಿ ಬಟ್ಟಲು ಬರುತ್ತೆ ಅನ್ನೋದು ಕಣ್ಣಿಗೇ ಕಾಣುತ್ತೆ. ಸ್ಕ್ಯಾಂಡಿಯಂನ 9 ಎಲ್ಲಿಂದ ಬಂತು ಅಂತ ಪ್ರತ್ಯೇಕ ಹೇಳೋದೇ ಬೇಡ.

ಸೀಮೆಸುಣ್ಣ
ಇದು ಬೇಕಿತ್ತು. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ, ಅಂದರೆ ಧನ ಅಯಾನಿಗೆ ಹೇಗೆ? ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯೋದಾ?

ಮಣಿಬಟ್ಟಲು
ಅಲ್ಲ! ಅಲ್ಲೇ ಹೆಚ್ಚಿನವರು ಎಡವೋದು. ತೆಗೆಯುವಾಗ ಬಿಳಿ ಬಟ್ಟಲು ಮೊದಲು. ಕಬ್ಬಿಣದ ಎರಡು ಧನ ಅಯಾನಿ 2, 8, 14. ಮೂರು ಧನದ್ದು 2, 8, 13. ಕೊನೆಯ ಬಟ್ಟಲಿಂದ ತೆಗೆದರೆ 2, 8, 12, 2 ಬರುತ್ತೆ, ತಪ್ಪು.

ಪ್ರಶ್ನೆಚಿಹ್ನೆ
4ಎಸ್ ಶಕ್ತಿ ಕಡಿಮೆ, ಅದಕ್ಕೇ ಮೊದಲು ತುಂಬಿತು ಅಂದ್ರಿ. ಕಡಿಮೆ ಇರೋದು ಬಿಗಿಯಾಗಿರಬೇಕು. ಮತ್ತೆ ಅದೇ ಮೊದಲು ಹೊರಡುತ್ತೆ ಅಂದ್ರೆ ಹೇಗೆ? ಎರಡರಲ್ಲಿ ಒಂದು ಸುಳ್ಳು.

ಕಕ್ಷಕ
ಸರಿಯಾದ ಕಡೆ ಹಿಡಿದಿರಿ. "4ಎಸ್ ಯಾವಾಗಲೂ 3ಡಿಗಿಂತ ಕೆಳಗೆ" ಅನ್ನೋದೇ ಸುಳ್ಳು. ಪೊಟ್ಯಾಸಿಯಂ, ಕ್ಯಾಲ್ಸಿಯಂ ಎರಡರಲ್ಲಿ ಮಾತ್ರ ಅದು ನಿಜ. ಸ್ಕ್ಯಾಂಡಿಯಂ ಹೊತ್ತಿಗೆ ನ್ಯೂಕ್ಲಿಯಸ್‌ನಲ್ಲಿ 21 ಪ್ರೋಟಾನ್. 3ಡಿ ಒಳಕ್ಕೆ ಕುಗ್ಗಿ 4ಎಸ್‌ಗಿಂತ ಕೆಳಗಿಳಿಯುತ್ತೆ.

ಸ್ಕ್ಯಾಂಡಿಯಂನಿಂದಲೇ ನೋಡಬಹುದು. ಮೂರು ಎಲೆಕ್ಟ್ರಾನ್ ಕಳೆದುಕೊಂಡಾಗ ಅದು ಬರೀ ಆರ್ಗಾನ್ ತಿರುಳು, ಅಂದರೆ ಆರ್ಗಾನ್‌ನಲ್ಲಿರುವ 18 ಎಲೆಕ್ಟ್ರಾನ್ ಮಾತ್ರ. ಅದಕ್ಕೆ ಒಂದು ಎಲೆಕ್ಟ್ರಾನ್ ವಾಪಸ್ ಕೊಡಿ, ಅದು ಹೋಗಿ ಕೂರೋದು 3ಡಿಯಲ್ಲಿ. ಎರಡನೆಯದು ಕೊಡಿ, 4ಎಸ್‌ಗೆ ಹೋಗುತ್ತೆ. ಮೂರನೆಯದೂ 4ಎಸ್‌ಗೆ. 3ಡಿ ಕೆಳಗಿದ್ದರೆ ಮೂರೂ ಅಲ್ಲೇ ಯಾಕೆ ಹೋಗಲ್ಲ? 3ಡಿ ಇಕ್ಕಟ್ಟಿನ ಜಾಗ, ಅಲ್ಲಿ ಇಬ್ಬಿಬ್ಬರು ಕೂತರೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ಬಲವಾಗಿ ದೂಡುತ್ತವೆ. 4ಎಸ್ ವಿಶಾಲವಾಗಿ ಹರಡಿದೆ, ದೂಡಾಟ ಕಡಿಮೆ. ಎಲ್ಲ ಕೂಡಿ ಕಳೆದು ನೋಡಿದಾಗ ಒಂದು 3ಡಿ, ಎರಡು 4ಎಸ್ ಅನ್ನೋದು ಇಡೀ ಪರಮಾಣುವಿಗೆ ಕನಿಷ್ಠ ಶಕ್ತಿ. ತೆಗೆಯುವಾಗ ಮೇಲಿರುವ 4ಎಸ್ ಮೊದಲು ಹೊರಡುತ್ತೆ. ವಿರೋಧ ಇಲ್ಲ.

ಮಣಿಬಟ್ಟಲು
ಹಾಗಾದರೆ ನನ್ನ ಬಟ್ಟಲಿನ ಸಾಲು ಶಕ್ತಿಯ ಏಣಿ ಅಂತ ಹೇಳಬಾರದು. ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಹೋದಾಗ ಯಾವ ಬಟ್ಟಲಿನ ಲೆಕ್ಕ ಏರುತ್ತೆ ಅನ್ನೋ ಸರದಿ, ಅಷ್ಟೇ. ತಿದ್ದಿಕೊಂಡೆ.

ರೋಹಿತರೇಖೆ
ಆ ಸರದಿಗೂ ಅಪವಾದ ಇದೆ. ಕ್ರೋಮಿಯಂ 2, 8, 13, 1, ತಾಮ್ರ 2, 8, 18, 1. ಬಟ್ಟಲು ಕೊಡೋ ಉತ್ತರ 12, 2 ಮತ್ತು 17, 2. ಈ ಎರಡನ್ನು ಮಾತ್ರ ಮೊದಲೇ ಹೇಳಿಬಿಡಿ. ಮುಂದೆ ಪಲ್ಲಾಡಿಯಂ ಇನ್ನೂ ವಿಚಿತ್ರ: 2, 8, 18, 18, ಐದನೇ ಆವರ್ತದಲ್ಲಿದ್ದೂ ಐದನೇ ಕವಚ ಖಾಲಿ.

ಮೋಲ್_ಲೆಕ್ಕ
"ಅರ್ಧ ತುಂಬಿದರೆ ಸ್ಥಿರ" ಅಂತ ಕಾರಣ ಕೊಡೋದು ಬೇಡವಾ?

ರೋಹಿತರೇಖೆ
ಕ್ರೋಮಿಯಂಗೆ ಹೊಂದುತ್ತೆ, ಅದೇ ಗುಂಪಿನಲ್ಲಿ ಎರಡು ಮನೆ ಕೆಳಗಿರುವ ಟಂಗ್‌ಸ್ಟನ್‌ಗೆ ಹೊಂದಲ್ಲ. ಅಲ್ಲಿ ಹೊರಗೆ 2 ಉಳಿದಿದೆ, 5ಡಿಯಲ್ಲಿ 4. ಅರ್ಧ ತುಂಬಿದ್ದೇ ಪೂರ್ತಿ ಕಾರಣ ಆಗಿದ್ದರೆ ಅದೂ ಬದಲಾಗಬೇಕಿತ್ತು. "ಶಕ್ತಿಗಳು ಬಹಳ ಹತ್ತಿರ ಇವೆ, ಇಲ್ಲಿ ಲೆಕ್ಕ ಈ ಕಡೆ ವಾಲಿತು" ಅಂದರೆ ಸಾಕು.

ಸೀಮೆಸುಣ್ಣ
ಹಲಗೆಗೆ ಇಷ್ಟು ಬರೆದುಕೊಂಡೆ, ನೋಡಿ ಹೇಳಿ: "ಮೂರನೇ ಕವಚದಲ್ಲಿ 8 ಮತ್ತು 10ರ ಎರಡು ಗುಂಪು. ಆರ್ಗಾನ್‌ಗೆ 8ರ ಗುಂಪು ಮುಗಿದು ಕವಚ ಭರ್ತಿಯಾಗುತ್ತೆ. ಮುಂದಿನ ಎರಡು ಎಲೆಕ್ಟ್ರಾನ್‌ಗೆ 10ರ ಗುಂಪಿಗಿಂತ ನಾಲ್ಕನೇ ಕವಚದ ಮೊದಲ ಜಾಗದಲ್ಲಿ ಶಕ್ತಿ ಕಡಿಮೆ. ಸ್ಕ್ಯಾಂಡಿಯಂನಿಂದ 10ರ ಗುಂಪು ತುಂಬತೊಡಗುತ್ತೆ."

ಕಕ್ಷಕ
"ಕವಚ ಭರ್ತಿ" ತೆಗೆಯಿರಿ. ಆರ್ಗಾನ್‌ನ ಮೂರನೇ ಕವಚ 18ಕ್ಕೆ 8, ಭರ್ತಿ ಅಲ್ಲ. "8ರ ಗುಂಪು ಮುಗಿಯುತ್ತೆ" ಅಷ್ಟೇ ಇರಲಿ. ಮಕ್ಕಳ ಮೂಲ ಗೊಂದಲ ಹುಟ್ಟೋದೇ ಆ ಒಂದು ಪದದಿಂದ.

ಪ್ರಶ್ನೆಚಿಹ್ನೆ
ನಿಯಾನ್‌ಗೆ ಬರೀಬಹುದಾ?

ಕಕ್ಷಕ
ಬರೀಬಹುದು, ಎರಡನೇ ಕವಚದ ಸಾಮರ್ಥ್ಯವೇ 8. ಹೀಲಿಯಂ, ನಿಯಾನ್ ಎರಡಕ್ಕೆ ಮಾತ್ರ. ಕ್ರಿಪ್ಟಾನ್ 2, 8, 18, 8: ಮೂರನೆಯದು ಈಗ ಭರ್ತಿ, ಹೊರಗಿನ ನಾಲ್ಕನೆಯದರಲ್ಲಿ ಇನ್ನೂ 24 ಜಾಗ ಖಾಲಿ.